ಕೀ ತಪ್ಪಿಲ್ಲ ತಮ್ಮಾ, ಬಾಂಡ್ಲಿ ಬೇರೆ

ಗುಂಪಲ್ಲಿ ನೀನು ಹಾಕಿರೋ ರೈಲ್ವೆ ಪರೀಕ್ಷೆ ಪ್ರಶ್ನೆ ಇದು: ಇಬ್ಬರ ವಯಸ್ಸಿನ ಅನುಪಾತ ಈಗ 5:3, ಎಂಟು ವರ್ಷ ಆದಮೇಲೆ 3:2, ಈಗಿನ ವಯಸ್ಸೆಷ್ಟು? ನಿನಗೆ 20 ಮತ್ತು 12 ಬಂದಿದೆ, ರೈಲ್ವೆಯವರ ಕೀನಲ್ಲಿ (ಅವರೇ ಬಿಡೋ ಸರಿ ಉತ್ತರದ ಪಟ್ಟಿ) 40 ಮತ್ತು 24 ಇದೆ, "ಕೀ ತಪ್ಪು ಅಂತ ಆಬ್ಜೆಕ್ಷನ್ ಹಾಕ್ಲಾ" ಅಂತ ಕೇಳಿದೀಯ. ಹಾಕಬೇಡ. ಪ್ರಶ್ನೆಗೆ 50 ರೂಪಾಯಿ ಶುಲ್ಕ, ಸುಮ್ಮನೆ ದಂಡ. ನಿನ್ನ ಪೋಸ್ಟ್ ಕೆಳಗೆ ನಾಲ್ಕು ಜನ "ಹಾಕು ಹಾಕು" ಅಂದಿದಾರಲ್ಲ, ಅವರಲ್ಲಿ ಒಬ್ಬರಾದ್ರೂ ತಾಳೆ ನೋಡಿದಾರಾ? 20ಕ್ಕೆ 8 ಸೇರಿಸು, 28. 12ಕ್ಕೆ 8 ಸೇರಿಸು, 20. 28:20 ಅಂದ್ರೆ 7:5. ಎಲ್ಲಿ ಬಂತು 3:2?

ನೀನು ಹಾಕಿರೋ ಹಾಳೆ ಫೋಟೋ ನೋಡಿದೆ. 5ರಲ್ಲಿ 3 ಕಳೆದು, 2 ಭಾಗ = 8, ಒಂದು ಭಾಗ 4 ಅಂತ ಬರ್ದಿದೀಯ. ಆ 2 ಇಬ್ಬರ ವಯಸ್ಸಿನ ಅಂತರ ಕಣೋ. ಕಳೆದುಹೋದ ಎಂಟು ವರ್ಷಕ್ಕೂ ಅದಕ್ಕೂ ಏನು ಸಂಬಂಧ?

ಬೈತಿರೋದು ಯಾಕಂದ್ರೆ ನಾನೂ ಇದನ್ನೇ ಮಾಡಿದವನು. ಹಿಂದೊಂದು ಸಲ ರೈಲ್ವೆಯ ತಾಂತ್ರಿಕೇತರ ಹುದ್ದೆಗಳ ಪರೀಕ್ಷೆಯಾದ ಎನ್‌ಟಿಪಿಸಿ ಮೊದಲ ಹಂತದಲ್ಲಿ ಅನುಪಾತದ್ದೇ ಮೂರು ಪ್ರಶ್ನೆ ಬಂದಿತ್ತು. ಮೂರಕ್ಕೂ ನನ್ನ ಉತ್ತರ ಆಪ್ಷನ್‌ನಲ್ಲಿ ಇತ್ತು, ಖುಷಿಯಾಗಿ ಟಿಕ್ ಮಾಡಿ ಬಂದೆ. ಮೂರೂ ತಪ್ಪು. ಮೂರು ಅಂಕ ಹೋಯ್ತು, ಮೇಲೆ ತಪ್ಪಿಗೆ ಮೂರನೇ ಒಂದರಂತೆ ಇನ್ನೊಂದು ಅಂಕ. ಕಟ್‌ಆಫ್‌ಗೆ ಎರಡೂವರೆ ಕಮ್ಮಿ. ಆಪ್ಷನ್‌ನಲ್ಲಿ ಉತ್ತರ ಇದೆ ಅಂದ್ರೆ ಸರಿ ಅಂತ ಅಲ್ಲ. ನಾವು ಎಲ್ಲಿ ಜಾರ್ತೀವಿ ಅಂತ ನೋಡಿಕೊಂಡೇ ಅವರು ಅದನ್ನ ಇಟ್ಟಿರ್ತಾರೆ.

ನನಗೆ ಇದು ತಲೆಗೆ ಹೋಗಿದ್ದು ಕೋಚಿಂಗ್‌ನಲ್ಲಲ್ಲ. ನಮ್ಮಪ್ಪ ಗಾರೆ ಮೇಸ್ತ್ರಿ. ಕಾಂಕ್ರೀಟಿಗೆ 1:2:4 ಅಂದ್ರೆ ಒಂದು ಬಾಂಡ್ಲಿ ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಒಂದಿನ ಹೊಸ ಹುಡುಗ ಸಿಮೆಂಟನ್ನ ಅಂಚು ಮುರಿದ ಸಣ್ಣ ಬಾಂಡ್ಲಿಯಲ್ಲಿ ಹಾಕ್ತಿದ್ದ, ಮರಳು ಜಲ್ಲಿ ದೊಡ್ಡದರಲ್ಲಿ. ಎಣಿಕೆ ಸರಿಯಾಗೇ ಇತ್ತು. ಅಪ್ಪ ಸಲಿಕೆಯಲ್ಲಿ ಮಾಲು ಎತ್ತಿ ನೋಡಿ, "ಎಣಿಸಿದ್ದು ಸಾಕು, ಬಾಂಡ್ಲಿ ತೋರ್ಸು" ಅಂದ್ರು.

ನಿನ್ನ ಲೆಕ್ಕದಲ್ಲೂ ಅಷ್ಟೇ. 5:3 ಅಳೆದ ಬಾಂಡ್ಲಿ ಬೇರೆ, 3:2 ಅಳೆದ ಬಾಂಡ್ಲಿ ಬೇರೆ. ಎರಡನ್ನೂ ಒಂದೇ ಅಳತೆಗೆ ತರದೆ ಕೂಡೋದು ಕಳೆಯೋದು ಮಾಡಂಗಿಲ್ಲ. ಅಳತೆಗೆ ತರೋಕೆ ಒಂದೇ ಪ್ರಶ್ನೆ: ಇಲ್ಲಿ ಅಲುಗಾಡದೆ ಇರೋದು ಯಾವುದು? ವಯಸ್ಸಲ್ಲಿ ಅಂತರ ಅಲುಗಾಡಲ್ಲ. 5:3ರಲ್ಲಿ ಅಂತರ 2, 3:2ರಲ್ಲಿ 1. ಎರಡನೇದನ್ನ 6:4 ಮಾಡು, ಅಲ್ಲೂ 2 ಆಯ್ತು. ಈಗ 5 ಇದ್ದದ್ದು 6 ಆಗಿದೆ, ಆ ಒಂದು ಭಾಗವೇ 8 ವರ್ಷ. 40, 24. ಎಕ್ಸ್ ಬೇಡ, ಓರೆ ಗುಣಾಕಾರ ಬೇಡ.

ಒಬ್ಬ ಇನ್ನೊಬ್ಬನಿಗೆ ದುಡ್ಡು ಕೊಟ್ಟ ಅಂದ್ರೆ ಮೊತ್ತ ಅಲುಗಾಡಲ್ಲ. 7:5 ಇತ್ತು, 20 ರೂಪಾಯಿ ಕೊಟ್ಟ ಮೇಲೆ 5:4 ಆಯ್ತು. ಮೊತ್ತ 12 ಮತ್ತು 9, ಲಸಾಅ 36. 21:15 ಹೋಗಿ 20:16. ಒಂದು ಭಾಗ 20, ಮೊದಲು 420 ಮತ್ತು 300 ಇತ್ತು. ಹಾಲಿಗೆ ಬರೀ ನೀರು ಸೇರಿಸಿದ್ರೆ ಹಾಲು ಅಲುಗಾಡಲ್ಲ: 4:1ಕ್ಕೆ 10 ಲೀಟರ್ ನೀರು ಹಾಕಿ 2:1 ಆದ್ರೆ, 4:1 ಹೋಗಿ 4:2, ಹಾಲು 40 ಲೀಟರ್. ಎ:ಬಿ 2:3, ಬಿ:ಸಿ 4:5 ಕೊಟ್ರೂ ಅದೇ ಕಥೆ, ಬಿಯನ್ನ ಎರಡು ಕಡೆ 12 ಮಾಡು, 8:12:15.

ಆದ್ರೆ ಪಾಲುಗಾರಿಕೆಗೆ ಇದನ್ನ ಹಾಗೇ ಹಚ್ಚಬೇಡ, ಅಲ್ಲಿ ತಿಂಗಳು ಗುಣಿಸಬೇಕು. 12,000 ಹನ್ನೆರಡು ತಿಂಗಳು, 18,000 ಎಂಟು ತಿಂಗಳು ಅಂದ್ರೆ ಲಾಭ 2:3 ಅಲ್ಲ, ಸಮಪಾಲು. ಇನ್ನು "5:4 ಅಂದ್ರೆ ಒಟ್ಟು 9ರಿಂದ ಭಾಗ ಹೋಗೋ ಆಪ್ಷನ್ ಹುಡುಕು" ಅನ್ನೋ ಟ್ರಿಕ್ಕು ಜನ, ಕುರ್ಚಿ, ಪುಸ್ತಕಕ್ಕೆ ಮಾತ್ರ. ಹಾಲು ಅರ್ಧ ಲೀಟರೂ ಇರುತ್ತೆ. ಮೊಬೈಲ್‌ನಲ್ಲಿ "5 ಸೆಕೆಂಡ್ ಟ್ರಿಕ್" ಅಂತ ಕೂಗೋರು ಈ ಮಾತು ಹೇಳಲ್ಲ.

ಕನ್ನಡದಲ್ಲಿ ಪೇಪರ್ ತಗೊಳ್ಳೋರು "20ರಷ್ಟು ಹೆಚ್ಚಾದರೆ" ಮತ್ತು "20ಕ್ಕೆ ಹೆಚ್ಚಾದರೆ" ಎರಡನ್ನೂ ಎರಡೆರಡು ಸಲ ಓದಿ. ಡೌಟ್ ಬಂದ್ರೆ ಇಂಗ್ಲಿಷಿಗೆ ಬದಲಿಸಿ ನೋಡಿ, ತಕರಾರು ಬಂದ್ರೆ ರೈಲ್ವೆಯಲ್ಲಿ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. "ಕ್ರಮವಾಗಿ" ಅಂತ ಕಂಡ ತಕ್ಷಣ ಅನುಪಾತದ ಮೇಲೆ ಹೆಸರಿನ ಮೊದಲ ಅಕ್ಷರ ಬರೆದುಬಿಡಿ. ಮಗ:ಅಪ್ಪ ಕೇಳಿದ್ದಕ್ಕೆ ಅಪ್ಪ:ಮಗ ಹಾಕಿ ಬಂದವರು ಈ ಗುಂಪಲ್ಲೇ ಇದಾರೆ, ಹೆಸರು ಹೇಳಲ್ಲ.

ಪ್ರಾಕ್ಟೀಸಿಗೆ ಕ್ಲಾಸ್‌ಮೇಟ್ ಲಾಂಗ್ ಬುಕ್ಕು ಯಾಕೆ, ಅಂದವಾಗಿ ಬರೆಯೋ ಚಟ ಹತ್ತುತ್ತೆ. ಹಳೇ ಕ್ಯಾಲೆಂಡರ್ ಹಾಳೆ ಹಿಂದುಗಡೆ ರೇನಾಲ್ಡ್ಸ್ ಬಾಲ್‌ಪೆನ್ನಲ್ಲಿ ಗೀಚು. ಜೆಲ್ ಪೆನ್ ಕೈಗೆ ಹತ್ತುತ್ತೆ. ಎನ್‌ಟಿಪಿಸಿ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 30 ಗಣಿತ. ಒಂದು ಅನುಪಾತಕ್ಕೆ ಒಂದು ನಿಮಿಷ ದಾಟಿದ್ರೆ ಬಿಟ್ಟು ಮುಂದೆ ಹೋಗು, ಆದ್ರೆ ತಾಳೆ ನೋಡೋ ಹತ್ತು ಸೆಕೆಂಡ್ ಉಳಿಸ್ಬೇಡ.

ಮಿಶ್ರಣ ತೆಗೆದು ನೀರು ಹಾಕೋ ಲೆಕ್ಕದಲ್ಲಿ ಮಾತ್ರ ಹುಷಾರು. ಅಲ್ಲಿ ತೆಗೆದಿದ್ದರಲ್ಲಿ ಹಾಲೂ ಹೋಗಿರುತ್ತೆ, ನೀರೂ ಹೋಗಿರುತ್ತೆ. 40 ಲೀಟರ್, ಹಾಲು ನೀರು 3:1, 8 ಲೀಟರ್ ಮಿಶ್ರಣ ತೆಗೆದು 8 ಲೀಟರ್ ನೀರು ಹಾಕಿದ್ರೆ ಎಷ್ಟು? ನೀನೇ ಮಾಡಿ ಹಾಳೆ ಫೋಟೋ ಹಾಕು. ಉತ್ತರ 30:10 ಅಂತ ಶುರುವಾಗಿ 3:2ಕ್ಕೆ ನಿಲ್ಲಬೇಕು. ನಡುವಿನ ಎರಡು ಸಾಲು ನನಗೆ ಕಾಣ್ಬೇಕು.