ತಿಂದದ್ದೆಲ್ಲ ಮೈಗೆ ಹತ್ತುತ್ತದೆಯೇ?

ಪ್ರಶ್ನೆ: ನನಗೆ 29 ವರ್ಷ. ಹಿಮೋಗ್ಲೋಬಿನ್ 9.4 ಇತ್ತು. ಮೂರು ತಿಂಗಳಿಂದ ಬೀಟ್‌ರೂಟ್ ಜ್ಯೂಸ್, ದಾಳಿಂಬೆ, ಬೆಲ್ಲ ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ನೋಡಿಸಿದರೆ 9.5! ಡಾಕ್ಟರು ಕೊಟ್ಟ ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆಂದು ಬಿಟ್ಟಿದ್ದೇನೆ. ಇನ್ನೇನು ತಿನ್ನಲಿ?
– ಓದುಗರು, ತಿಪಟೂರು

ಉತ್ತರ: ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. 10 ಗ್ರಾಂ ಬೆಲ್ಲದಲ್ಲಿ ಹೆಚ್ಚೆಂದರೆ ಅರ್ಧ ಮಿಲಿಗ್ರಾಂ, ಉಳಿದದ್ದು ಸಕ್ಕರೆ. ಅಷ್ಟೇ ತೂಕದ ಹುರುಳಿಕಾಳು ಇವೆಲ್ಲವನ್ನೂ ಸುಲಭವಾಗಿ ಹಿಂದೆ ಹಾಕುತ್ತದೆ. ಆದರೂ ಹುರುಳಿ ಸಾರಿಗೆ ಯಾರೂ ‘ರಕ್ತ ಹೆಚ್ಚಿಸುವ ಆಹಾರ’ ಎಂಬ ಬಿರುದು ಕೊಟ್ಟಿಲ್ಲ, ಬಣ್ಣ ಕೆಂಪಲ್ಲವಲ್ಲ!

ತಟ್ಟೆಯಲ್ಲಿರುವ ಕಬ್ಬಿಣ ಬೇರೆ, ರಕ್ತಕ್ಕೆ ಇಳಿಯುವ ಕಬ್ಬಿಣ ಬೇರೆ. ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣದಲ್ಲಿ ನೂರಕ್ಕೆ ಐದೋ ಹತ್ತೋ ಪಾಲು ಮಾತ್ರ ಒಳಗೆ ಹೋಗುತ್ತದೆ. ಹೀರಿಕೊಳ್ಳುವ ಕೆಲಸ ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಗೇಣುದ್ದದಲ್ಲೇ ಹೆಚ್ಚಾಗಿ ಮುಗಿಯುತ್ತದೆ. ಅಲ್ಲಿ ಕಬ್ಬಿಣ ಕರಗಿದ ರೂಪದಲ್ಲಿರಬೇಕು. ಊಟವಾದ ತಕ್ಷಣ ಟೀ ಕುಡಿದರೆ ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ, ಹೀರಿಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವಿಟಮಿನ್ ಸಿ ಇದಕ್ಕೆ ತದ್ವಿರುದ್ಧ: ಕಬ್ಬಿಣವನ್ನು ಕರುಳು ಒಪ್ಪುವ ರೂಪಕ್ಕೆ ತರುತ್ತದೆ. ಹಾಗಾಗಿ ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿ, ಆದರೆ ಒಲೆಯಿಂದ ಇಳಿಸಿದ ಮೇಲೆ. ಕುದಿಯುವಾಗ ಹಿಂಡಿದರೆ ಹುಳಿ ಉಳಿಯುತ್ತದೆ, ವಿಟಮಿನ್ ಹೋಗುತ್ತದೆ. ಊಟದ ಜೊತೆ ಅರ್ಧ ಸೀಬೆಹಣ್ಣಾದರೂ ಸರಿ. ಟೀ, ಕಾಫಿ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ಆದಮೇಲೆ.

ಇಷ್ಟೆಲ್ಲ ಮಾಡಿದರೂ 9.5 ಅನ್ನು ಊಟದಿಂದಲೇ 12ಕ್ಕೆ ಏರಿಸುವುದು ಕಷ್ಟ, ಮಾತ್ರೆ ಬೇಕೇ ಬೇಕು. ತೊಳಸುವುದಕ್ಕೂ ಉಪಾಯವಿದೆ. ಖಾಲಿ ಹೊಟ್ಟೆಯಲ್ಲಿ ಆಗದಿದ್ದರೆ ರಾತ್ರಿ ಊಟವಾದ ಮೇಲೆ ನುಂಗಿ. ಹೀರಿಕೆ ಸ್ವಲ್ಪ ಕಡಿಮೆಯಾದರೂ ಬಿಟ್ಟುಬಿಡುವುದಕ್ಕಿಂತ ಮೇಲು. ಬೇಗ ಏರಲೆಂದು ಎರಡು ಹೊತ್ತು ನುಂಗುವುದರಿಂದ ಲಾಭ ಕಡಿಮೆ. ಒಂದು ಮಾತ್ರೆ ಒಳಗೆ ಹೋದ ಕೂಡಲೇ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಎರಡನೇ ಮಾತ್ರೆಯ ಬಹುಪಾಲು ಹೊಟ್ಟೆ ಕೆಡಿಸಿ ಹೊರಗೆ ಹೋಗುತ್ತದೆ ಅಷ್ಟೇ. 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಕ್ಯಾಲ್ಸಿಯಂ ಮಾತ್ರೆ, ಅಸಿಡಿಟಿ ಮಾತ್ರೆ ಇದರ ಜೊತೆ ಬೇಡ. ಮಲ ಕಪ್ಪಗಾದರೆ ಹೆದರಬೇಡಿ.

ನಾಲ್ಕು ವಾರ ಸರಿಯಾಗಿ ನುಂಗಿದರೆ ಸಾಮಾನ್ಯವಾಗಿ 1 ಅಂಕವಾದರೂ ಏರಬೇಕು. ಏರದಿದ್ದರೆ ರಕ್ತ ಎಲ್ಲೋ ಸೋರುತ್ತಿದೆಯೇ ಎಂದು ಹುಡುಕಬೇಕು: ಮುಟ್ಟಿನಲ್ಲಿ ಹೆಚ್ಚು ಸ್ರಾವ, ಮೂಲವ್ಯಾಧಿ, ಕೊಕ್ಕೆಹುಳ. ಹಿಮೋಗ್ಲೋಬಿನ್ 12 ಮುಟ್ಟಿದ ದಿನವೇ ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಆಗ ರಕ್ತ ತುಂಬಿರುತ್ತದೆ, ಮೈಯೊಳಗಿನ ಕಬ್ಬಿಣದ ಉಗ್ರಾಣ ಖಾಲಿಯೇ ಇರುತ್ತದೆ. ಇನ್ನೂ ಮೂರು ತಿಂಗಳು ಬೇಕು.

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ರಾಗಿ ಸರಿಗೆ ಮೊಳಕೆ ಬರಿಸಿಯೇ ಹಿಟ್ಟು ಮಾಡಬೇಕು ಅನ್ನುತ್ತಾರೆ ಅತ್ತೆ. ನೇರವಾಗಿ ಬೀಸಿದರೆ ಏನಾಗುತ್ತದೆ?
– ಓದುಗರು, ಹಾಸನ

ಉತ್ತರ: ಅತ್ತೆಯ ಮಾತೇ ಸರಿ. ಮೊಳಕೆಯೊಡೆಯುವಾಗ ರಾಗಿಯೊಳಗೆ ಪಿಷ್ಟ ಕತ್ತರಿಸುವ ಕಿಣ್ವ ಹುಟ್ಟುತ್ತದೆ. ಬರೀ ರಾಗಿಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಸುರಿಯುತ್ತೀರಿ, ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯ ಹಿಟ್ಟಾದರೆ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಸರಿ ತೆಳ್ಳಗೇ ಇರುತ್ತದೆ. ಕಬ್ಬಿಣ, ಸತುವನ್ನು ಕಟ್ಟಿಹಾಕುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ.

ರಾಗಿಯನ್ನು ಕಲ್ಲು ಹೋಗುವಂತೆ ತೊಳೆದು ರಾತ್ರಿಯಿಡೀ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೂವರೆ ದಿನದಲ್ಲಿ ಬಿಳಿ ಎಳೆ ಕಾಣುತ್ತದೆ. ಮಳೆಗಾಲದಲ್ಲಿ ಬೂಸ್ಟು ವಾಸನೆ ಬಂದರೆ ಪೂರ್ತಿ ಎಸೆಯಿರಿ, ಮಗುವಿನ ಹಿಟ್ಟಿನಲ್ಲಿ ಉಳಿತಾಯ ಬೇಡ. ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಬೆಚ್ಚಗೆ ಮಾಡಿ. ಕಪ್ಪಗಾಗುವಂತೆ ಹುರಿದರೆ ಕಿಣ್ವ ಸತ್ತು ಪಟ್ಟ ಪಾಡೆಲ್ಲ ವ್ಯರ್ಥ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ನಿಧಾನವಾಗಿ ಕಾಯಿಸಿ, ಕಿಣ್ವ ಕೆಲಸ ಮಾಡುವುದು ಕುದಿಯುವ ಮೊದಲೇ. ಆಮೇಲೆ ಚೆನ್ನಾಗಿ ಬೇಯಿಸಿ. ಬಟ್ಟೆಯಲ್ಲಿ ಜಾಲಿಸುವಾಗ ತೀರಾ ನಯವಾಗಲೆಂದು ಹಟ ಬೇಡ. ರಾಗಿಯ ಕ್ಯಾಲ್ಸಿಯಂ ಸಿಪ್ಪೆಯ ಪದರದಲ್ಲೇ ದಟ್ಟವಾಗಿದೆ. ಒಂದು ಚಮಚ ತುಪ್ಪ ಹಾಕಿ. ಜೇನು ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಸರಿ ಒಂದನ್ನೇ ನೆಚ್ಚಿಕೊಳ್ಳದೆ ನುಣ್ಣಗೆ ಬೆಂದ ಬೇಳೆ, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆಯನ್ನೂ ಕೊಡಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಬಂದ ಮೇಲೆ ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ, ಬೆಳಿಗ್ಗೆ ರಾಗಿ ಮಾಲ್ಟ್. ಆದರೂ ಶುಗರ್ ಇಳಿಯುತ್ತಿಲ್ಲ, ಯಾಕೆ?
– ಓದುಗರು, ಮಂಡ್ಯ

ಉತ್ತರ: ಮೇಲಿನ ಉತ್ತರ ಓದಿದಿರಲ್ಲ? ಮಗುವಿಗೆ ಒಳ್ಳೆಯದಾದ ಆ ಕಿಣ್ವವೇ ನಿಮಗೆ ತೊಂದರೆ. ಮಾಲ್ಟ್ ಅಂದರೆ ಮೊಳಕೆ ಬರಿಸಿದ ರಾಗಿಯ ಹಿಟ್ಟೇ. ಅದರಲ್ಲಿ ಪಿಷ್ಟ ಅರ್ಧ ಒಡೆದಿರುತ್ತದೆ, ಮೇಲಾಗಿ ಅದು ಕುಡಿಯುವ ಪದಾರ್ಥ. ಕರುಳಿಗೆ ಇಳಿದದ್ದೇ ತಡ, ಸಕ್ಕರೆಯಾಗಿ ರಕ್ತ ಸೇರುತ್ತದೆ. ಮೊದಲು ಅದನ್ನು ಬಿಡಿ.

ಮುದ್ದೆ ಮಾಲ್ಟಿಗಿಂತ ಮೇಲು, ಆದರೆ ಅದೇನೂ ಔಷಧಿಯಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲಿ 65–70 ಗ್ರಾಂ ಶರ್ಕರಪಿಷ್ಟವಿದೆ, ಅಕ್ಕಿಯಲ್ಲಿ 78ರ ಆಸುಪಾಸು. ಅಂತರ ಇಷ್ಟೇ. ಮುದ್ದೆಯ ಗಾತ್ರ ದೊಡ್ಡದಾದರೆ ಆ ಅಂತರವೂ ಹೋಯಿತು. ಒಮ್ಮೆ ಹಿಟ್ಟನ್ನು ತೂಗಿ ನೋಡಿ: ಒಂದು ಹೊತ್ತಿಗೆ 50–60 ಗ್ರಾಂ ಹಿಟ್ಟಿನ ಮುದ್ದೆ, ಅದಕ್ಕೆ ನೀರು ಸಾರಿನ ಬದಲು ಕಾಳಿರುವ ಬಸ್ಸಾರು, ಮೊದಲು ಪಲ್ಯ. ಉಂಡಾದ ಮೇಲೆ 15 ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಿಡಿದು ಗ್ಲುಕೋಮೀಟರಿನಲ್ಲಿ ನೋಡಿ. ಹಲವರಿಗೆ ಡಾಕ್ಟರು ಇಡುವ ಗುರಿ 180ರ ಒಳಗೆ. ಇನ್ಸುಲಿನ್ ಅಥವಾ ಮಾತ್ರೆ ಇದ್ದರೆ ಊಟ ಕಡಿಮೆ ಮಾಡುವ ಮೊದಲು ಅವರಿಗೆ ತಿಳಿಸಿ, ಇಲ್ಲವಾದರೆ ಶುಗರ್ ಏಕಾಏಕಿ ಕೆಳಗಿಳಿಯಬಹುದು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬಿ12 160 ಬಂದಿದೆ, ಪಾದ ಜುಮುಗುಡುತ್ತದೆ. ಸ್ಪಿರುಲಿನಾ ಪುಡಿ ಸಾಕೇ?
– ಓದುಗರು, ಧಾರವಾಡ

ಉತ್ತರ: ಸಾಲದು. ಪಾಚಿಯಿಂದ ಮಾಡುವ ಆ ಪುಡಿಯಲ್ಲಿ ಬಿ12 ಎಂದು ಲೆಕ್ಕ ಹಿಡಿಯುವುದರ ಬಹುಪಾಲು ಬಿ12ನಂತೆ ಕಾಣುವ, ನಮ್ಮ ಮೈಗೆ ಉಪಯೋಗಕ್ಕೆ ಬಾರದ ವಸ್ತು. ಜುಮುಗುಡುವುದು ನರಕ್ಕೆ ಪೆಟ್ಟಾಗುತ್ತಿರುವ ಸೂಚನೆ, ಈ ವಾರವೇ ಡಾಕ್ಟರಲ್ಲಿ ಹೋಗಿ; ಇಂಜೆಕ್ಷನ್ ಬೇಕಾಗಬಹುದು. ಅದಕ್ಕೆ ಮೊದಲು ಬರೀ ಫೋಲಿಕ್ ಆಸಿಡ್ ನುಂಗಬೇಡಿ, ರಕ್ತ ಸುಧಾರಿಸಿದಂತೆ ಕಂಡು ನರದ ಹಾನಿ ಒಳಗೊಳಗೇ ಬೆಳೆಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ವರ್ಷಗಟ್ಟಲೆ ಅಸಿಡಿಟಿ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಹೇಳಿ, ಎರಡೂ ಬಿ12 ಹೀರಿಕೆಗೆ ಅಡ್ಡ ಬರುತ್ತವೆ. ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು ಮೊಸರು ಸೇರಿಸಿದರೆ 2 ಮೈಕ್ರೋಗ್ರಾಂ ಆಸುಪಾಸು ಸಿಗುತ್ತದೆ. ಅದು ದಿನದ ಖರ್ಚಿಗೆ ಆದೀತೇ ಹೊರತು ಹಳೆಯ ಬಾಕಿ ತೀರಿಸಲಾರದು. ಮಜ್ಜಿಗೆಗೆ ನೀರು ಬೆರೆಸಿದಷ್ಟೂ ಲೆಕ್ಕ ಇಳಿಯುತ್ತದೆ.