ಸಿ ಕೋಡಿನಲ್ಲಿ ಬೂಲ್ ಅನ್ನು ನಾವೇ ಟೈಪ್‌ಡೆಫ್ ಮಾಡಿಕೊಳ್ಳಬೇಕಾ?

ಹಳೆಯ ಕಂಪೈಲರ್‌ಗೂ ಹೊಸದಕ್ಕೂ ಒಂದೇ ಕೋಡ್ ಹೋಗಬೇಕು, ನಿಜ ಅಥವಾ ಸುಳ್ಳು ಹಿಡಿಯುವ ಬೂಲ್ ಅನ್ನು ಟೈಪ್‌ಡೆಫ್ ಮಾಡಿ, ಅಂದರೆ ಇರುವ ಟೈಪ್‌ಗೇ ಆ ಹೆಸರಿಟ್ಟು, ಒಂದು ಬೈಟಿನ ಅನ್‌ಸೈನ್ಡ್ ಚಾರ್ ಮಾಡಲಾ, ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಾದ ಇಂಟ್ ಮಾಡಲಾ ಎಂದು ಕೇಳಿದ್ದೀರಿ. ನಮ್ಮ ತಂಡದಲ್ಲೂ ಇದೇ ಚರ್ಚೆ ನಡೆದಿತ್ತು. ಮೆಮೊರಿ ಉಳಿಯುತ್ತದೆ ಅಂತ ಅನ್‌ಸೈನ್ಡ್ ಚಾರ್ ಆರಿಸಿದೆವು. ಅದರಿಂದ ಗ್ರಾಹಕರೊಬ್ಬರ ಮೋಟರ್ ಸುಟ್ಟುಹೋಯಿತು.

ಅದು ನೀರಿನ ಪಂಪಿನ ಕಂಟ್ರೋಲರ್ ಬೋರ್ಡು. ಅದರ ಕಂಪೈಲರ್‌ಗೆ ಸಿ90, ಅಂದರೆ 1990ರ ಸಿ ಸ್ಟ್ಯಾಂಡರ್ಡ್, ಮಾತ್ರ ಗೊತ್ತು. ಟೆಸ್ಟ್‌ಗಳನ್ನು ಮಾತ್ರ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಎಂಬ ಹೊಸ ಕಂಪೈಲರ್‌ನಿಂದ ಓಡಿಸುತ್ತಿದ್ದೆವು. ಹಾಗಾಗಿ ಹೆಡರ್‌ನಲ್ಲಿ ಒಂದು ಷರತ್ತು ಹಾಕಿದ್ದೆವು: 1999ರ ಸ್ಟ್ಯಾಂಡರ್ಡ್ ಸಿ99 ಇದ್ದರೆ ಅದರಲ್ಲೇ ಬೂಲ್ ಕೊಡುವ ಎಸ್‌ಟಿಡಿಬೂಲ್ ಡಾಟ್ ಎಚ್, ಇಲ್ಲದಿದ್ದರೆ ನಮ್ಮ ಅನ್‌ಸೈನ್ಡ್ ಚಾರ್. ಎಲ್ಲ ಟೆಸ್ಟೂ ಪಾಸಾಗುತ್ತಿತ್ತು.

ಬಾವಿಯಲ್ಲಿ ನೀರು ಮುಗಿದರೆ ಮೋಟರ್ ತಾನೇ ನಿಲ್ಲಬೇಕು, ನೀರಿಲ್ಲದೆ ಓಡುವುದಕ್ಕೆ ಡ್ರೈ ರನ್ ಅಂತಾರಲ್ಲ, ಅದನ್ನು ತಡೆಯಲು. ಆ ಎಚ್ಚರಿಕೆ ಇದ್ದದ್ದು ಹಾರ್ಡ್‌ವೇರ್ ತನ್ನ ಸ್ಥಿತಿ ತಿಳಿಸುವ 16 ಬಿಟ್ ಸ್ಟೇಟಸ್ ರಿಜಿಸ್ಟರಿನ 8ನೇ ಬಿಟ್‌ನಲ್ಲಿ, ಸೊನ್ನೆಯಿಂದ ಎಣಿಸಿದರೆ. ಆ ಒಂದು ಬಿಟ್ ಮಾತ್ರ ಉಳಿಯಲೆಂದು ಸ್ಟೇಟಸ್ ಅನ್ನು 256ರ ಜೊತೆ ಆಂಡ್ ಮಾಡಿ, ಬಂದದ್ದನ್ನು ನೇರವಾಗಿ ಬೂಲ್ ವೇರಿಯಬಲ್‌ಗೆ ಹಾಕಿದ್ದೆವು.

ಇಲ್ಲಿ ನಿಧಾನಕ್ಕೆ ಓದಿ. ಎಚ್ಚರಿಕೆ ಬಂದಾಗ ಆಂಡ್‌ನ ಉತ್ತರ 256. ನಮ್ಮ ಅನ್‌ಸೈನ್ಡ್ ಚಾರ್‌ನಲ್ಲಿ ಹಿಡಿಯುವುದು 0ಯಿಂದ 255. ಮೇಲಿನ ಬಿಟ್ ಕತ್ತರಿಸಿಹೋಗಿ 0 ಉಳಿಯುತ್ತದೆ. ಅಂದರೆ ನೀರಿಲ್ಲ ಎಂದು ಹಾರ್ಡ್‌ವೇರ್ ಕೂಗಿದಾಗಲೂ ನಮ್ಮ ಕೋಡಿಗೆ ಸಿಗುವುದು ಫಾಲ್ಸ್. ಸಿ99ರ ನಿಜವಾದ ಬೂಲ್ ಹಾಗೆ ಬಿಟ್ ಕತ್ತರಿಸುವುದಿಲ್ಲ. ಬಂದ ಸಂಖ್ಯೆ ಸೊನ್ನೆಯೋ ಅಲ್ಲವೋ ಎಂದು ನೋಡಿ, ಅಲ್ಲದಿದ್ದರೆ 1 ಇಡುತ್ತದೆ. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ, ಬೋರ್ಡಿನಲ್ಲಿ ತಪ್ಪು. ಕೋಡ್ ಒಂದೇ ಸಾಲು, ಅರ್ಥ ಎರಡು. ಓವರ್‌ಲೋಡ್, ಲೋ ವೋಲ್ಟೇಜ್ ಎಲ್ಲ ಕೆಳಗಿನ ಎಂಟು ಬಿಟ್‌ಗಳಲ್ಲಿದ್ದವು, ಅವು ಎರಡೂ ಕಡೆ ಸರಿಯಾಗಿಯೇ ನಡೆಯುತ್ತಿದ್ದವು. ಹಾಗಾಗಿ ಯಾರಿಗೂ ಹೆಡರ್ ಮೇಲೆ ಅನುಮಾನ ಬರಲಿಲ್ಲ. ಸೆನ್ಸರ್ ಬದಲಾಯಿಸಿದೆವು, ವೈರ್ ಬದಲಾಯಿಸಿದೆವು. ಮೋಟರ್ ಹೋದ ಮೇಲೆ ಡೀಬಗರ್ ಹಾಕಿ ಕೂತಾಗ ಗೊತ್ತಾಯಿತು.

ನೀವೂ ಈಗಲೇ ನೋಡಬಹುದು. ಸಾಮಾನ್ಯ ಎಕ್ಸ್86 ಲಿನಕ್ಸ್ ಯಂತ್ರದಲ್ಲಿ, ಗ್ಲಿಬ್‌ಸಿ ಎಂಬ ಸಿ ಲೈಬ್ರರಿ ಜೊತೆ, ಕೊಟ್ಟದ್ದು ಅಕ್ಷರವೋ ಅಲ್ಲವೋ ಹೇಳುವ ಈಸ್‌ಆಲ್ಫಾ ಫಂಕ್ಷನ್‌ಗೆ ಒಂದು ಇಂಗ್ಲಿಷ್ ಅಕ್ಷರ ಕೊಡಿ. ಬರುವುದು 1 ಅಲ್ಲ, 1024. ಅದನ್ನು ಅನ್‌ಸೈನ್ಡ್ ಚಾರ್‌ಗೆ ಹಾಕಿ, 0 ಆಗುತ್ತದೆ. ಆ 1024 ಅನ್ನೇ ಟ್ರೂ, ಅಂದರೆ 1ರ ಜೊತೆ ಹೋಲಿಸಿದರೂ ಸುಳ್ಳು ಅನ್ನುತ್ತದೆ. ಆದ್ದರಿಂದ ಯಾವುದನ್ನೂ ಟ್ರೂಗೆ ಸಮವೇ ಎಂದು ಕೇಳಲೇಬೇಡಿ.

ಹಾಗಾಗಿ ಚಾರ್ ಒಳ್ಳೆಯದಾ, ಇಂಟ್ ಒಳ್ಳೆಯದಾ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೂಲ್ ಎಂಬ ಹೆಸರಿಗೆ ನೀವು ಕೈ ಹಾಕಲೇಬಾರದು. ಎಸ್‌ಟಿಡಿಬೂಲ್ ಬಂದದ್ದು ಸಿ99ರಲ್ಲಿ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಅದಿಲ್ಲ ಎಂಬ ನೆಪವೂ ವಿಷುವಲ್ ಸ್ಟುಡಿಯೋ 2013ಕ್ಕೇ ಮುಗಿಯಿತು. ಸಿ23ರಲ್ಲಂತೂ ಬೂಲ್, ಟ್ರೂ, ಫಾಲ್ಸ್ ಮೂರೂ ಕೀವರ್ಡ್‌ಗಳು, ಅಂದರೆ ನಮ್ಮ ಹೆಸರಾಗಿ ಬಳಸಲಾಗದ ಪದಗಳು. ಜಿಸಿಸಿ 15 ನಾವು ಬೇರೆ ಹೇಳದಿದ್ದರೆ ಸಿ23 ಎಂದೇ ಹಿಡಿಯುತ್ತದೆ. ಬೂಲ್ ಅನ್ನು ಸುಮ್ನೆ ಟೈಪ್‌ಡೆಫ್ ಮಾಡಿಕೊಂಡ ಹಳೆಯ ಕೋಡ್ ಅಲ್ಲಿ ಕಂಪೈಲ್ ಕೂಡ ಆಗುವುದಿಲ್ಲ. ಪೋರ್ಟಬಲ್ ಆಗಲಿ ಅಂತ ಮಾಡಿದ್ದೇ ಈಗ ಅಡ್ಡ ಬರುತ್ತದೆ.

ನಿಮ್ಮ ಹಳೆಯ ಕಂಪೈಲರ್‌ನಲ್ಲಿ ನಿಜವಾಗಿಯೂ ಎಸ್‌ಟಿಡಿಬೂಲ್ ಇಲ್ಲವಾ? ಮೊದಲು ಪರೀಕ್ಷಿಸಿ. ಇಲ್ಲದಿದ್ದರೆ ಪ್ರಾಜೆಕ್ಟಿನದೇ ಬೇರೆ ಹೆಸರಿಡಿ, ಒಳಗೆ ಇಂಟ್ ಇರಲಿ, ಎಲ್ಲ ಕಂಪೈಲರ್‌ಗಳಲ್ಲೂ ಅದೇ ಇಂಟ್. ನಮ್ಮ ಹಾಗೆ ಅಲ್ಲೊಂದು ಇಲ್ಲೊಂದು ಬೇಡ. ಬಿಟ್ ತೆಗೆದ ಪ್ರತಿ ಕಡೆ ಸೊನ್ನೆಗೆ ಸಮವಲ್ಲ ಎಂಬ ಹೋಲಿಕೆ ಬರೆಯಿರಿ. ಆಂಡ್ ಮಾಡಿದ ಭಾಗಕ್ಕೆ ಬ್ರಾಕೆಟ್ ಹಾಕಿ, ಇಲ್ಲದಿದ್ದರೆ ಸಿ ಮೊದಲು ಹೋಲಿಕೆ ಮಾಡಿಬಿಡುತ್ತದೆ. ಫೈಲಿಗೆ ಅಥವಾ ನೆಟ್‌ವರ್ಕಿಗೆ ಹೋಗುವ ಸ್ಟ್ರಕ್ಟ್‌ನಲ್ಲಿ ಬೂಲ್ ಬೇಡವೇ ಬೇಡ. ಅದರ ಗಾತ್ರ ಇಷ್ಟೇ ಎಂದು ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಅಲ್ಲಿ ಒಂದು ಬೈಟ್ ಇಟ್ಟು, 0 ಅಥವಾ 1 ಅಂತ ನೀವೇ ಬರೆಯಿರಿ.