ಮೂಲೆ ಕಂಬ ವಾಲಿದೆ, ತಂತಿ ಜೋತುಬಿದ್ದಿದೆ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟಕ್ಕೆ ಹೋದ ವರ್ಷ ಕಬ್ಬಿಣದ ಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆವು. ಒಂದೇ ಮಳೆಗಾಲಕ್ಕೆ ಮೂಲೆ ಕಂಬ ಒಳಕ್ಕೆ ವಾಲಿದೆ ಸಾರ್, ಏನು ಮಾಡಲಿ?

ಉತ್ತರ: ಸುಮ್ನೆ ತಂತಿ ಬಿಗಿ ಮಾಡಿಸಬೇಡಿ, ಕಂಬ ಇನ್ನೂ ವಾಲುತ್ತದೆ. ಎಳೆತವೆಲ್ಲ ಬೀಳುವುದು ಮೂಲೆ ಕಂಬದ ಮೇಲೇ ಅಲ್ವಾ, ಅದಕ್ಕೆ ತಂತಿ ಹೋಗುವ ಎರಡೂ ಕಡೆಗೆ ಓರೆಯಾಗಿ ಒಂದೊಂದು ಸಪೋರ್ಟ್ ಕಂಬ ಕೊಡಲೇಬೇಕು, ನಾಲ್ಕು ಕಾಸು ಉಳಿಸಲು ಅದನ್ನು ಬಿಟ್ಟರೆ ಇಡೀ ಬೇಲಿ ಕೆಡುತ್ತದೆ. ತಂತಿ ಬಿಚ್ಚಿ, ಕಂಬ ಕಿತ್ತು, ಎರಡೂವರೆ ಅಡಿ ಗುಂಡಿ ತೆಗೆದು ಕಾಂಕ್ರೀಟ್ ಹಾಕಿಸಿ. ಒಂದು ವಾರವಾದರೂ ನೀರುಣಿಸಿ, ಆಮೇಲೆ ತಂತಿ ಎಳೆಯಿರಿ. ಕಾಂಕ್ರೀಟಿನ ಮೇಲ್ಭಾಗ ಇಳಿಜಾರಾಗಿರಲಿ, ನೀರು ನಿಂತರೆ ಬುಡದಲ್ಲೇ ತುಕ್ಕು ಹಿಡಿಯುತ್ತದೆ. ಜೂನ್ ಮಳೆಗೆ ಮುಂಚೆ ಮುಗಿಸಿ.